ಬೈಕಿನಲ್ಲಿ ದೂರ ಹೊರಟಿದ್ದೀರಾ? ಒಬ್ಬರೇ ಹೋಗುವುದೋ, ಜೊತೆ ಕಟ್ಟಿಕೊಳ್ಳುವುದೋ

ವಿಟ್ಲದಿಂದ ಬೈಕಿನಲ್ಲಿ ದೂರ ಹೋಗಬೇಕೆಂದಿರುವವರು ಮೊದಲು ವಿಚಾರಿಸುವುದು ರೂಟು, ಆಮೇಲೆ ಮೈಲೇಜು. ಒಬ್ಬನೇ ಹೋಗುವುದೋ, ಗೆಳೆಯರನ್ನು ಕರೆಯುವುದೋ ಎಂಬ ಮಾತು ಕೊನೆಗೆ ಬರುತ್ತದೆ. ಅದನ್ನೂ ಹೆಚ್ಚಾಗಿ ವಾಟ್ಸಾಪ್ ಗುಂಪಿಗೆ ಬಿಟ್ಟಿರುತ್ತಾರೆ. ಎಂಟು ಜನ "ನಾನೂ ಬರ್ತೇನೆ ಮಾರಾಯ" ಅನ್ನುತ್ತಾರೆ, ಹೊರಡುವ ಬೆಳಿಗ್ಗೆ ಇಬ್ಬರು ಬಂದು ನಿಂತಿರುತ್ತಾರೆ. ಖರ್ಚು, ಸಮಯ, ಸುರಕ್ಷತೆ ಮೂರೂ ಈ ಒಂದು ತೀರ್ಮಾನವನ್ನು ಅವಲಂಬಿಸಿವೆ. ಆದ್ದರಿಂದ ರೂಟಿಗಿಂತ ಮೊದಲು ಇದನ್ನು ಯೋಚಿಸಿ.

ದೂರ ಎಂದರೆ ಎಷ್ಟು? ಮಂಗಳೂರಿಗೋ ಧರ್ಮಸ್ಥಳಕ್ಕೋ ಹೋಗಿ ಬರಲು ಈ ಲೆಕ್ಕಾಚಾರ ಬೇಡ. ದಿನಕ್ಕೆ 250 ಕಿ.ಮೀ. ದಾಟುವುದಾದರೆ, ಅಥವಾ ರಾತ್ರಿ ಬೇರೆ ಊರಿನಲ್ಲಿ ಉಳಿಯುವುದಾದರೆ ಅದನ್ನು ಲಾಂಗ್ ರೈಡ್ ಎಂದುಕೊಳ್ಳೋಣ. ಕರಾವಳಿಗುಂಟ ಕೇರಳಕ್ಕೋ ಗೋವಾಕ್ಕೋ ಹೋಗದಿದ್ದರೆ ನಮ್ಮವರಿಗೆ ಘಾಟಿ ತಪ್ಪಿದ್ದಲ್ಲ. ಕಬಕ, ಪುತ್ತೂರು, ಸುಳ್ಯದ ಮೇಲೆ ಹೋದರೆ ಸಂಪಾಜೆ ಘಾಟಿ. ಮಾಣಿ, ಉಪ್ಪಿನಂಗಡಿ, ಗುಂಡ್ಯದ ಮೇಲೆ ಹೋದರೆ ಶಿರಾಡಿ. ಬೆಳ್ತಂಗಡಿ, ಉಜಿರೆ ಕಡೆಯಿಂದ ಚಾರ್ಮಾಡಿ. ಮೂಡಬಿದಿರೆಯವರಿಗೆ ಕಾರ್ಕಳ ದಾಟಿ ಮಾಳದಿಂದ ಕುದುರೆಮುಖದ ದಾರಿ. ಹೋಗುವಾಗ ಘಾಟಿ ಹತ್ತುವುದು ಬೆಳಿಗ್ಗೆ, ಮೈ ಹಗುರ ಇರುವ ಹೊತ್ತಿನಲ್ಲಿ. ಬರುವಾಗ ಇಳಿಯುವುದು ಮೈ ಸೋತಿರುವ ಹೊತ್ತಿನಲ್ಲಿ, ಕತ್ತಲಾಗುವುದರೊಳಗೆ ಮನೆ ಸೇರುವ ಗಡಿಬಿಡಿಯಲ್ಲಿ. ಘಾಟಿಯ ಎಷ್ಟೋ ತಿರುವುಗಳಲ್ಲಿ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಒಬ್ಬರೇ ಹೋಗಬಹುದೇ ಎಂದು ಕೇಳುವವರಿಗೆ ನಾನು ತಿರುಗಿ ಕೇಳುವುದು ಇದನ್ನೇ: ವಾಪಸ್ ಬರುವಾಗ ಘಾಟಿಯ ತಲೆಯಲ್ಲಿ ಗಂಟೆ ಎಷ್ಟಾಗಿರುತ್ತದೆ?

ಮೊದಲು ಒಬ್ಬರೇ ಹೋಗುವ ವಿಷಯ. ಇದರ ದೊಡ್ಡ ಲಾಭ ವೇಗ ನಿಮ್ಮ ಕೈಯಲ್ಲಿರುವುದು. ಬೆಳಿಗ್ಗೆ ಐದಕ್ಕೆ ಹೊರಡುತ್ತೇನೆಂದರೆ ಐದಕ್ಕೇ ಹೊರಡುತ್ತೀರಿ. ಬೇಕಾದಲ್ಲಿ ನಿಲ್ಲಿಸುತ್ತೀರಿ, ಸೋತರೆ ಅಲ್ಲೇ ಉಳಿಯುತ್ತೀರಿ. ಯಾರನ್ನೂ ಒಪ್ಪಿಸಬೇಕಾಗಿಲ್ಲ, ಯಾರಿಗೂ ಕಾಯಬೇಕಾಗಿಲ್ಲ. ತೊಂದರೆ ಏನೆಂದರೆ ಎಲ್ಲ ಕೆಲಸವೂ ಒಬ್ಬನದೇ. ದಾರಿ ನೋಡುವುದು, ಪೆಟ್ರೋಲಿನ ಲೆಕ್ಕ ಇಡುವುದು, ಚೀಲ ಕಾಯುವುದು, ಗಾಡಿಯ ಸದ್ದು ಬದಲಾದರೆ ಗಮನಿಸುವುದು. ಬಸ್‌ಸ್ಟ್ಯಾಂಡಿನ ಶೌಚಾಲಯಕ್ಕೆ ಹೋಗುವಾಗ ಸೀಟಿಗೆ ಕಟ್ಟಿದ ಬ್ಯಾಗನ್ನು ಏನು ಮಾಡುವುದು ಎಂಬುದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ದಿನಕ್ಕೆ ನಾಲ್ಕು ಸಲ ಎದುರಾದಾಗ ಸಣ್ಣದಾಗಿರುವುದಿಲ್ಲ. ಇದಕ್ಕೆ ಉಪಾಯ ಎಂದರೆ ಪೆಟ್ರೋಲ್ ಬಂಕಿನ ಶೌಚಾಲಯವನ್ನೇ ಬಳಸುವುದು, ದಾಖಲೆ ಮತ್ತು ದುಡ್ಡನ್ನು ಮೈಮೇಲಿನ ಸಣ್ಣ ಚೀಲದಲ್ಲಿ ಇಟ್ಟುಕೊಳ್ಳುವುದು.

ಒಬ್ಬರೇ ಹೋಗುವವರಿಗೆ ನಿಜವಾದ ಅಪಾಯ ಕಳ್ಳರಿಂದಲ್ಲ, ತೂಕಡಿಕೆಯಿಂದ. ಕಾರಿನಲ್ಲಾದರೆ ಪಕ್ಕದವರು ಎಚ್ಚರಿಸುತ್ತಾರೆ. ಬೈಕಿನಲ್ಲಿ ಗಾಳಿ ಬಡಿಯುತ್ತಿರುವುದರಿಂದ ನಿದ್ದೆ ಬರುವುದಿಲ್ಲ ಎಂದು ನಂಬಿರುತ್ತೇವೆ. ಹಾಗೇನಿಲ್ಲ. ಮಧ್ಯಾಹ್ನದ ಊಟದ ನಂತರ, ಬಿಸಿಲಿನಲ್ಲಿ, ನೇರ ರಸ್ತೆಯಲ್ಲಿ ಅದು ಬರುತ್ತದೆ. ಕಳೆದ ಎರಡು ಮೂರು ಕಿಲೋಮೀಟರಿನಲ್ಲಿ ಏನು ನೋಡಿದಿರಿ ಎಂಬುದು ನೆನಪಾಗದಿದ್ದರೆ, ಸುಮ್ಮಸುಮ್ಮನೆ ಗೇರ್ ತಪ್ಪುತ್ತಿದ್ದರೆ, ಆಕಳಿಕೆಯ ಮೇಲೆ ಆಕಳಿಕೆ ಬರುತ್ತಿದ್ದರೆ ಗಾಡಿ ನಿಲ್ಲಿಸಿ. ಚಹಾ ಕುಡಿದರೆ ಸಾಲದು. ಬಂಕಿನ ನೆರಳಿನಲ್ಲೋ ದೇವಸ್ಥಾನದ ಜಗಲಿಯಲ್ಲೋ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಎರಡು ಗಂಟೆಗೊಮ್ಮೆ ಇಳಿದು, ಹೆಲ್ಮೆಟ್ ತೆಗೆದು, ನೀರು ಕುಡಿಯುವುದನ್ನು ದಾಹ ಇಲ್ಲದಿದ್ದರೂ ರೂಢಿ ಮಾಡಿಕೊಳ್ಳಿ.

ಗಾಡಿ ಕೆಟ್ಟರೆ? ಇದು ಎಲ್ಲರೂ ಕೇಳುವ ಅನುಮಾನ. ಉತ್ತರ ನಿಮ್ಮ ಬೈಕ್ ಯಾವುದು ಎಂಬುದರ ಮೇಲಿದೆ. ಸ್ಪ್ಲೆಂಡರ್, ಪಲ್ಸರ್‌ನಂಥ ಗಾಡಿಗೆ ಕರ್ನಾಟಕದ ಯಾವ ಪೇಟೆಯಲ್ಲೂ ಮೆಕ್ಯಾನಿಕ್ ಸಿಗುತ್ತಾನೆ, ಪಾರ್ಟ್ ಕೂಡ ಸಿಗುತ್ತದೆ. ಬುಲೆಟ್‌ಗೂ ದೊಡ್ಡ ಪೇಟೆಗಳಲ್ಲಿ ಚಿಂತೆಯಿಲ್ಲ. ಹೊಸ ಬಗೆಯ ದುಬಾರಿ ಬೈಕಾದರೆ ಅದರ ಸರ್ವಿಸ್ ಸೆಂಟರ್ ಎಲ್ಲೆಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಳ್ಳಬೇಕು. ಟೈರ್ ಟ್ಯೂಬ್‌ಲೆಸ್ ಆಗಿದ್ದರೆ, ಅಂದರೆ ಒಳಗೆ ಟ್ಯೂಬ್ ಇಲ್ಲದ ಬಗೆಯದಾದರೆ, 300ರಿಂದ 500 ರೂಪಾಯಿಯ ಪಂಕ್ಚರ್ ಕಿಟ್ ಕೊಂಡು ಮನೆಯಲ್ಲೇ ಹಳೆ ಟೈರಿನ ಮೇಲೆ ಒಮ್ಮೆ ಅಭ್ಯಾಸ ಮಾಡಿ. ಬೈಕಿನ ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿ ಪಂಪಿಗೆ 1,500 ರೂಪಾಯಿಯಿಂದ ಮೇಲೆ. ಕಡ್ಡಿ ಚಕ್ರದ ಹಳೆ ಗಾಡಿಗಳಲ್ಲಿ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ. ಚಕ್ರ ಬಿಚ್ಚಿ ಟ್ಯೂಬ್ ಹೊರತೆಗೆಯುವುದು ರಸ್ತೆ ಬದಿಯಲ್ಲಿ ಒಬ್ಬನಿಗೆ ಕಷ್ಟದ ಕೆಲಸ. ಅಂಥ ಗಾಡಿಯಲ್ಲಿ ಹೋಗುವವರಿಗೆ ಜೊತೆ ಇದ್ದರೆ ಒಳ್ಳೆಯದು.

ಹಳಬರು ಮಾಡುವ ಒಂದು ಕೆಲಸವನ್ನು ನೀವೂ ಮಾಡಬಹುದು. ಹೊಸ ಕ್ಲಚ್ ಕೇಬಲನ್ನು ಚೀಲದಲ್ಲಿ ಇಡುವ ಬದಲು ಹಳೆ ಕೇಬಲಿನ ಪಕ್ಕದಲ್ಲೇ, ಹ್ಯಾಂಡಲಿನಿಂದ ಎಂಜಿನ್‌ವರೆಗೆ ಎಳೆದು, ತುದಿಗಳಿಗೆ ಟೇಪ್ ಸುತ್ತಿ ಕಟ್ಟಿಟ್ಟಿರುತ್ತಾರೆ. ಹಳೆಯದು ತುಂಡಾದರೆ ಟ್ಯಾಂಕ್ ಬಿಚ್ಚುವ ಕೆಲಸವಿಲ್ಲ, ಎರಡು ತುದಿ ಸಿಕ್ಕಿಸಿದರೆ ಮುಗಿಯಿತು. ಕೇಬಲಿನ ಬೆಲೆ ಕೆಲವು ನೂರು ರೂಪಾಯಿ. ಹೊರಡುವ ಮುಂಚೆ ನಿಮ್ಮ ಮೆಕ್ಯಾನಿಕ್‌ಗೆ ಹೇಳಿದರೆ ಸರ್ವಿಸ್ ಜೊತೆಗೇ ಮಾಡಿಕೊಡುತ್ತಾರೆ.

ಬಿದ್ದರೆ? ಈ ಪ್ರಶ್ನೆಯನ್ನು ಮನೆಯವರು ಕೇಳುತ್ತಾರೆ, ನಾವು ಮಾತು ಹಾರಿಸುತ್ತೇವೆ. ಹಾರಿಸಬೇಡಿ. ದೇಶದ ಎಲ್ಲಿಂದ ಬೇಕಾದರೂ ತುರ್ತಿಗೆ 112, ಹೆಚ್ಚಿನ ರಾಜ್ಯಗಳಲ್ಲಿ ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033. ನಿಮಗೆ ಮಾತಾಡಲು ಆಗದಿದ್ದರೆ ಬೇರೆಯವರು ಕರೆ ಮಾಡಬೇಕು. ಅದಕ್ಕಾಗಿ ಮೊಬೈಲಿನ ಲಾಕ್ ಸ್ಕ್ರೀನ್ ಮೇಲೆ, ಅಂದರೆ ಬೀಗ ತೆಗೆಯದೆಯೂ ಕಾಣುವ ಪರದೆಯ ಮೇಲೆ, ಮನೆಯವರ ನಂಬರ್ ಬರುವಂತೆ ಮಾಡಿ. ಹೆಲ್ಮೆಟ್ಟಿನ ಮೇಲೆ ರಕ್ತದ ಗುಂಪು ಬರೆಸಿ. ಗಾಯಾಳುವಿಗೆ ಸಹಾಯ ಮಾಡಿದವರನ್ನು ಪೊಲೀಸ್ ಸ್ಟೇಷನ್ ಅಲೆಸುತ್ತಾರೆ ಎಂಬ ಹೆದರಿಕೆ ಜನರಲ್ಲಿ ಇನ್ನೂ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 134ಎ ಕಲಂ ಅಂಥವರಿಗೆ ರಕ್ಷಣೆ ಕೊಡುತ್ತದೆ. ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. 2025ರ ಮೇ ತಿಂಗಳಿನಿಂದ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನದೊಳಗೆ 1.5 ಲಕ್ಷ ರೂಪಾಯಿವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆಯೂ ಇದೆ. ಅದು ನಿಯೋಜಿತ ಆಸ್ಪತ್ರೆಗಳಲ್ಲಿ ಸಿಗುತ್ತದೆ.

ಮನೆಯವರ ಜೊತೆಗೆ ಇನ್ನೊಂದು ಒಪ್ಪಂದ ಮಾಡಿಕೊಳ್ಳಿ. ವಾಟ್ಸಾಪ್ ಲೈವ್ ಲೊಕೇಶನ್, ಅಂದರೆ ನೀವಿರುವ ಜಾಗ ಅವರ ಮೊಬೈಲಿನಲ್ಲಿ ಕಾಣುವ ವ್ಯವಸ್ಥೆ, ಒಳ್ಳೆಯದೇ. ಆದರೆ ಸಿಗ್ನಲ್ ಹೋದೊಡನೆ ಚುಕ್ಕಿ ನಿಂತುಬಿಡುತ್ತದೆ, ಮನೆಯಲ್ಲಿ ಗಾಬರಿ ಶುರುವಾಗುತ್ತದೆ. "ಗುಂಡ್ಯದಲ್ಲಿ ಫೋನ್ ಮಾಡುತ್ತೇನೆ, ಆಮೇಲೆ ಸಕಲೇಶಪುರ ತಲುಪಿ ಮಾಡುತ್ತೇನೆ. ಎರಡು ಗಂಟೆ ದಾಟಿಯೂ ಬರದಿದ್ದರೆ ಮಾತ್ರ ವಿಚಾರಿಸಿ" ಎಂದು ಮೊದಲೇ ಹೇಳಿಟ್ಟರೆ ಇಬ್ಬರಿಗೂ ನೆಮ್ಮದಿ. ಒಬ್ಬರೇ ಹೊರಡುವ ಹೆಣ್ಣುಮಕ್ಕಳಿಗೂ ಇವೇ ಮಾತು. ಅವರು ಹೆಚ್ಚಿಗೆ ನೋಡಿಕೊಳ್ಳಬೇಕಾದದ್ದು ಉಳಿಯುವ ಜಾಗವನ್ನು ಹಗಲಲ್ಲೇ ತಲುಪುವುದು, ಆ ಜಾಗ ಪೇಟೆಯೊಳಗೆ ಇರುವುದು.

ಇನ್ನು ಗೆಳೆಯರ ಜೊತೆ ಹೋಗುವ ವಿಷಯ. ಬೈಕುಗಳು ಹೆಚ್ಚಾದಷ್ಟೂ ಸರಾಸರಿ ವೇಗ ಇಳಿಯುತ್ತದೆ. ಒಬ್ಬರು ಬಂಕಿನಲ್ಲಿ ಐದು ನಿಮಿಷದಲ್ಲಿ ಮುಗಿಸುವುದಕ್ಕೆ ಐದು ಬೈಕಿಗೆ ಅರ್ಧ ಗಂಟೆ ಬೇಕು. ಒಬ್ಬ ಫೋನಿನಲ್ಲಿರುತ್ತಾನೆ, ಇನ್ನೊಬ್ಬ ಗ್ಲೌಸ್ ಹುಡುಕುತ್ತಾನೆ, ಮೂರನೆಯವನಿಗೆ ಆಗ ಹಸಿವಾಗುತ್ತದೆ. ನಮ್ಮ ರಸ್ತೆಯಲ್ಲಿ ಒಬ್ಬರೇ ಹೋದರೆ ನಿಲ್ಲಿಸಿದ್ದೂ ಸೇರಿ ಗಂಟೆಗೆ 45 ಕಿ.ಮೀ. ಹಿಡಿಯಬಹುದು. ಐದು ಬೈಕಿನ ಗುಂಪಿಗೆ 35 ಹಿಡಿಯಿರಿ. 300 ಕಿ.ಮೀ.ಗೆ ಹತ್ತಿರ ಹತ್ತಿರ ಎರಡು ಗಂಟೆ ವ್ಯತ್ಯಾಸ. ಆ ಎರಡು ಗಂಟೆಯೇ ಘಾಟಿಯನ್ನು ಬೆಳಕಿನಲ್ಲಿ ಇಳಿಯುವುದೋ ಕತ್ತಲಲ್ಲೋ ಎಂಬುದನ್ನು ತೀರ್ಮಾನಿಸುತ್ತದೆ.

ಗುಂಪು ನಡೆಯುವ ಕ್ರಮ ಹೀಗಿದೆ. ದಾರಿ ಗೊತ್ತಿರುವ, ಹುಚ್ಚು ವೇಗ ಇಲ್ಲದ ಒಬ್ಬ ಮುಂದೆ. ಅವನೇ ಲೀಡ್. ಅನುಭವಿ, ರಿಪೇರಿ ಸ್ವಲ್ಪ ಗೊತ್ತಿರುವವ ಎಲ್ಲರಿಗಿಂತ ಹಿಂದೆ. ಅವನನ್ನು ಸ್ವೀಪ್ ಎನ್ನುತ್ತಾರೆ. ಯಾರಿಗೇನಾದರೂ ಅವನು ಅವರ ಹಿಂದೆಯೇ ನಿಲ್ಲುತ್ತಾನೆ. ಹೊಸಬ ಲೀಡ್‌ನ ಬೆನ್ನಿಗೇ ಇರಬೇಕು. ಹೊಸಬನನ್ನು ಕೊನೆಗೆ ಹಾಕಿದರೆ ಅವನು ಗುಂಪನ್ನು ಹಿಡಿಯಲು ತನ್ನ ಶಕ್ತಿ ಮೀರಿ ಓಡಿಸುತ್ತಾನೆ. ಅಗಲ ರಸ್ತೆಯಲ್ಲಿ ಎಡ, ಬಲ, ಎಡ, ಬಲ ಎಂದು ಹೆಣೆದಂತೆ ಸಾಗಬೇಕು, ಯಾರೂ ಪಕ್ಕಪಕ್ಕಕ್ಕೆ ಬರಬಾರದು. ಘಾಟಿಯಲ್ಲಿ ಮತ್ತು ವಿಟ್ಲ-ಅಡ್ಯನಡ್ಕದಂಥ ತಿರುವಿನ ರಸ್ತೆಯಲ್ಲಿ ಒಂದೇ ಸಾಲು. ಮುಂದಿನ ಬೈಕ್ ಒಂದು ಕಿಲೋಮೀಟರ್ ಕಲ್ಲನ್ನು ದಾಟಿದ ಮೇಲೆ ನೀವು ಅದನ್ನು ದಾಟಲು ಕನಿಷ್ಠ ಎರಡು ಸೆಕೆಂಡು ಆಗಬೇಕು, ಮಳೆಯಲ್ಲಿ ನಾಲ್ಕು. ಪೆಟ್ರೋಲನ್ನು ಎಲ್ಲರಿಗಿಂತ ಸಣ್ಣ ಟ್ಯಾಂಕಿನವನ ಲೆಕ್ಕಕ್ಕೆ ಹಾಕಿಸಬೇಕು.

ಗುಂಪು ಒಡೆಯುವುದು ಕವಲುದಾರಿಯಲ್ಲಿ. ಮಾಣಿಯನ್ನೇ ನೋಡಿ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಯ ಗೆಳೆಯರು ಬಿ.ಸಿ.ರೋಡಿನಲ್ಲಿ ಸೇರಿ ಮಡಿಕೇರಿಗೆ ಹೊರಟರೆನ್ನಿ. ಮಾಣಿಯಲ್ಲಿ ಪುತ್ತೂರಿನ ಕಡೆಗೆ ತಿರುಗಬೇಕು. ಮುಂದಿನ ಇಬ್ಬರು ತಿರುಗಿರುತ್ತಾರೆ, ಲಾರಿಯ ಹಿಂದೆ ಸಿಕ್ಕಿಕೊಂಡ ಮೂರನೆಯವನು ನೇರ ಉಪ್ಪಿನಂಗಡಿಗೆ ಹೋಗಿರುತ್ತಾನೆ. ಇದಕ್ಕೆ ಒಂದೇ ನಿಯಮ ಸಾಕು: ತಿರುವಿನಲ್ಲಿ ಹಿಂದಿನವನು ಕಣ್ಣಿಗೆ ಬೀಳುವವರೆಗೆ ಮುಂದಿನವನು ಕದಲಬಾರದು. ಪ್ರತಿಯೊಬ್ಬನೂ ತನ್ನ ಹಿಂದಿನ ಒಬ್ಬನನ್ನು ಕಾದರೆ ಇಡೀ ಗುಂಪು ಉಳಿಯುತ್ತದೆ. ಇಂಟರ್‌ಕಾಮ್ ಎಂಬ ಹೆಲ್ಮೆಟ್ಟಿನೊಳಗಿನ ಮಾತಿನ ಯಂತ್ರಕ್ಕೆ ಸಾವಿರಾರು ರೂಪಾಯಿ ಕೊಡುವ ಮೊದಲು ಈ ನಿಯಮ ಪಾಲಿಸಿ ನೋಡಿ. ಇದಕ್ಕೆ ಖರ್ಚಿಲ್ಲ.

ಗುಂಪಿನ ಅಪಾಯವೇ ಬೇರೆ ಬಗೆಯದು. ಲೀಡ್ ಒಂದು ಬಸ್ಸನ್ನು ಹಿಂದಿಕ್ಕುತ್ತಾನೆ. ಎದುರು ರಸ್ತೆ ಖಾಲಿ ಇತ್ತು, ಸರಿ. ಎರಡನೆಯವನು ಅವನ ಬಾಲ ಹಿಡಿದು ಹೋಗುತ್ತಾನೆ. ಮೂರನೆಯವನು ಎದುರು ನೋಡುವುದೇ ಇಲ್ಲ, ಎರಡನೆಯವನ ಬೆನ್ನನ್ನು ನೋಡುತ್ತಾನೆ. ಮೊದಲನೆಯವನಿಗಿದ್ದ ಖಾಲಿ ರಸ್ತೆ ಅವನ ಪಾಲಿಗೆ ಉಳಿದಿರುವುದಿಲ್ಲ. ಎಷ್ಟೇ ಗೆಳೆತನವಿರಲಿ, ಓವರ್‌ಟೇಕ್ ಮಾಡುವ ನಿರ್ಧಾರ ಪ್ರತಿಯೊಬ್ಬನ ಸ್ವಂತದ್ದು. ಹೊರಡುವ ಮೊದಲು ಇದನ್ನು ಬಾಯಿಬಿಟ್ಟು ಹೇಳಬೇಕು. "ಹಿಂದೆ ಬಿದ್ದರೆ ಬೀಳಲಿ, ಕಾಯುತ್ತೇವೆ" ಎಂದು ಲೀಡ್ ಹೇಳದ ಗುಂಪಿನಲ್ಲಿ ಹೋಗಬೇಡಿ.

ನನ್ನನ್ನು ಕೇಳಿದರೆ ಎರಡು ಬೈಕ್ ಬಹಳ ಒಳ್ಳೆಯದು, ಮೂರು ಪರವಾಗಿಲ್ಲ. ಒಂದು ಕೆಟ್ಟರೆ ಇನ್ನೊಂದು ಮೆಕ್ಯಾನಿಕ್‌ನನ್ನು ಕರೆತರುತ್ತದೆ, ಒಬ್ಬ ಚೀಲ ಕಾಯುತ್ತಾನೆ. ಐದು ದಾಟಿದರೆ ಅದು ಪ್ರಯಾಣವಲ್ಲ, ಮೆರವಣಿಗೆ. ಒಂದೇ ಗಾಡಿಯಲ್ಲಿ ಇಬ್ಬರು ಹೋಗುವ ದಾರಿಯೂ ಇದೆ. ಮೈಸೂರಿನ ಡಿ. ಕೃಷ್ಣಕುಮಾರ್ 2018ರ ಜನವರಿಯಲ್ಲಿ ತಾಯಿ ಚೂಡಾರತ್ನಮ್ಮನವರನ್ನು ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಕೂರಿಸಿಕೊಂಡು ತೀರ್ಥಯಾತ್ರೆಗೆ ಹೊರಟರು. 50,000 ಕಿ.ಮೀ. ದಾಟಿದ ಆ ಪ್ರಯಾಣದಲ್ಲಿ ನೇಪಾಳ, ಭೂತಾನ್, ಮ್ಯಾನ್ಮಾರ್ ಕೂಡ ಸೇರಿದ್ದವು. ಅಂಥ ಪ್ರಯಾಣದಲ್ಲಿ ವೇಗ ನಿರ್ಧರಿಸುವುದು ಹಿಂದೆ ಕೂತವರ ಸೊಂಟ. ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಹೋಗುವವರು ದಿನದ ದೂರವನ್ನು ಕಾಲು ಪಾಲು ಕಡಿಮೆ ಮಾಡಿ, ಹಿಂದಿನ ಟೈರಿಗೆ ಕಂಪನಿ ಹೇಳಿದಷ್ಟು ಹೆಚ್ಚು ಗಾಳಿ ಹಾಕಿಸಿ.

ಖರ್ಚನ್ನು ಊಟಿಯ ಉದಾಹರಣೆಯಲ್ಲಿ ನೋಡೋಣ. ವಿಟ್ಲದಿಂದ ಮಡಿಕೇರಿ, ಮೈಸೂರು, ಬಂಡೀಪುರದ ಮೇಲೆ ಹೋಗಿ ಬರಲು ಸುಮಾರು 700 ಕಿ.ಮೀ. ಲೀಟರಿಗೆ 35 ಕಿ.ಮೀ. ಕೊಡುವ ಗಾಡಿಗೆ 20 ಲೀಟರ್ ಬೇಕು. ಲೀಟರಿಗೆ 103 ರೂಪಾಯಿಯಂತೆ 2,060 ಆಯಿತು. ಎರಡು ರಾತ್ರಿಗೆ ರೂಮು 1,500ರಂತೆ 3,000, ಮೂರು ದಿನದ ಊಟ-ತಿಂಡಿ 1,500 ಎಂದು ಹಿಡಿದರೆ ಒಬ್ಬರೇ ಹೋದವರಿಗೆ 6,560 ರೂಪಾಯಿ. ಇಬ್ಬರು ಎರಡು ಬೈಕಿನಲ್ಲಿ ಹೋದರೆ ರೂಮು ಅರ್ಧವಾಗಿ ತಲಾ 5,060. ಒಂದೇ ಬೈಕಿನಲ್ಲಾದರೆ ಮೈಲೇಜ್ ತುಸು ಇಳಿದರೂ ತಲಾ 4,150ರ ಆಸುಪಾಸು. ನಾಲ್ಕು ಬೈಕಿನಲ್ಲಿ ನಾಲ್ವರು ಹೋದರೆ ಎರಡು ರೂಮು ಬೇಕು. ಲೆಕ್ಕ ಮತ್ತೆ ತಲಾ 5,060ಕ್ಕೇ ಬಂದು ನಿಲ್ಲುತ್ತದೆ. ಜನ ಹೆಚ್ಚಾದಷ್ಟು ಅಗ್ಗ ಎಂಬುದು ಕಾರಿಗೆ ಸರಿ, ಬೈಕಿಗೆ ಇಬ್ಬರ ಮೇಲೆ ಉಳಿತಾಯ ಅಷ್ಟಕ್ಕಷ್ಟೇ. ರಾಷ್ಟ್ರೀಯ ಹೆದ್ದಾರಿಯ ಟೋಲ್ ಬೈಕಿಗೆ ಇಲ್ಲ.

ಇದೇ ದಾರಿಯಲ್ಲಿ ಕೆಲವು ನಿಯಮಗಳಿವೆ. ಬಂಡೀಪುರದ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್, 2009ರಿಂದಲೂ ಹೀಗೇ. ಹಗಲಲ್ಲೂ ಆನೆ ನೋಡಲೆಂದು ಗಾಡಿ ನಿಲ್ಲಿಸುವಂತಿಲ್ಲ. ಊಟಿಗೆ ಹೊರಗಿನ ವಾಹನಗಳಿಗೆ 2024ರ ಮೇ 7ರಿಂದ ಇ-ಪಾಸ್ ಬಂದಿದೆ, ಮೊಬೈಲಿನಲ್ಲೇ ಮಾಡಿಸಿಕೊಳ್ಳಬಹುದು. ಬೆಂಗಳೂರಿಗೆ ಹೋಗುವವರು ನೆನಪಿಡಿ, ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುವುದಿಲ್ಲ. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬೇಕು.

ವಿಮೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದು ಸಮಸ್ಯೆ ಇದೆ. ಬೈಕ್ ಅಪ್ಪನ ಹೆಸರಿನಲ್ಲಿರುತ್ತದೆ, ಓಡಿಸುವವನು ಮಗ. ಬೈಕಿನ ವಿಮೆಯ ಜೊತೆಗೆ ಬರುವ 15 ಲಕ್ಷ ರೂಪಾಯಿಯ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿರುವ ಮಾಲೀಕ ತಾನೇ ಓಡಿಸುವಾಗ ಮಾತ್ರ. ಮಗನಿಗೆ ಅದು ಸಿಗುವುದಿಲ್ಲ. ಗುಂಪಿನಲ್ಲಿ "ನಿನ್ನ ಬುಲೆಟ್ ಸ್ವಲ್ಪ ನಾನು ಓಡಿಸ್ತೇನೆ" ಎಂದು ಗಾಡಿ ಬದಲಿಸಿಕೊಂಡವರಿಗೂ ಸಿಗುವುದಿಲ್ಲ. ಆದ್ದರಿಂದ ವ್ಯಕ್ತಿಯ ಹೆಸರಿನಲ್ಲೇ ಬೇರೆ ಅಪಘಾತ ವಿಮೆ ಇರಲಿ. ಬೇರೇನೂ ಇಲ್ಲದಿದ್ದರೆ ಬ್ಯಾಂಕ್ ಖಾತೆಯ ಮೂಲಕ ವರ್ಷಕ್ಕೆ 20 ರೂಪಾಯಿಗೆ ಸಿಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಾದರೂ ಇರಲಿ. ಅದರಲ್ಲಿ 2 ಲಕ್ಷದ ರಕ್ಷಣೆ ಇದೆ. ವಿಮೆ ನವೀಕರಿಸುವಾಗ ರೋಡ್‌ಸೈಡ್ ಅಸಿಸ್ಟೆನ್ಸ್, ಅಂದರೆ ದಾರಿಯಲ್ಲಿ ಕೆಟ್ಟ ಗಾಡಿಗೆ ನೆರವು ಕಳಿಸುವ ಸೌಲಭ್ಯವನ್ನೂ ಕೇಳಿ ಸೇರಿಸಿ. ಒಬ್ಬರೇ ಹೋಗುವವರಿಗೆ ಇದು ಬೇಕೇ ಬೇಕು. ಲೈಸೆನ್ಸ್, ಆರ್‌ಸಿ, ವಿಮೆ, ಹೊಗೆ ಪರೀಕ್ಷೆಯ ಪತ್ರ ನಾಲ್ಕನ್ನೂ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ತೋರಿಸಿದರೆ ನಡೆಯುತ್ತದೆ. ಮೊಬೈಲ್ ಚಾರ್ಜ್ ಮುಗಿಯುವುದುಂಟು, ಜೆರಾಕ್ಸ್ ಒಂದು ಪ್ಲಾಸ್ಟಿಕ್ ಕವರಿನಲ್ಲಿರಲಿ.

ಲಡಾಖ್ ಕನಸು ಇರುವವರಿಗೆ ಎರಡು ಮಾತು. ಮನಾಲಿ-ಲೇಹ್ ದಾರಿಯಲ್ಲಿ ತಾಂಡಿಯ ಬಂಕ್ ಬಿಟ್ಟರೆ ಮುಂದಿನ ಬಂಕ್ 365 ಕಿ.ಮೀ. ದೂರ ಎಂದು ಅಲ್ಲಿನ ಫಲಕವೇ ಹೇಳುತ್ತಿತ್ತು. ಅಂಥಲ್ಲಿ ಒಬ್ಬರೇ ಹೋಗುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಬೈಕನ್ನು ರೈಲಿನಲ್ಲಿ ಉತ್ತರಕ್ಕೆ ಕಳಿಸುವುದಾದರೆ ಮಂಗಳೂರಿನ ರೈಲ್ವೆ ಪಾರ್ಸೆಲ್ ಕಚೇರಿಯಲ್ಲಿ ವಿಚಾರಿಸಿ. ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಬೇಕು, ಪೆಟ್ರೋಲ್ ಪೂರ್ತಿ ಖಾಲಿ ಮಾಡಬೇಕು, ಗೋಣಿ ಸುತ್ತಿ ಪ್ಯಾಕ್ ಮಾಡಿಸಬೇಕು. ದರ ತೂಕ ಮತ್ತು ದೂರದ ಮೇಲೆ.

ಕಾಲವನ್ನೂ ನೋಡಿಕೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟಿಗಳನ್ನು ನಂಬಿ ಯೋಜನೆ ಹಾಕಬೇಡಿ. 2018ರ ಆಗಸ್ಟಿನಲ್ಲಿ ಸಂಪಾಜೆ-ಮಡಿಕೇರಿ ನಡುವೆ ಜೋಡುಪಾಲದ ಬಳಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ, 2024ರ ಜುಲೈಯಲ್ಲಿ ಸಕಲೇಶಪುರದ ಕಡೆಯ ಶಿರಾಡಿ ರಸ್ತೆಯಲ್ಲಿ ಗುಡ್ಡ ಕುಸಿದು ಸಂಚಾರ ನಿಂತಿತ್ತು. ಹೇಗೂ ಆ ತಿಂಗಳುಗಳಲ್ಲಿ ಅಡಿಕೆ ತೋಟಕ್ಕೆ ಮದ್ದು ಬಿಡುವ ಕೆಲಸ ಇರುತ್ತದೆ, ಮನೆಯಿಂದ ಬಿಡುವುದೂ ಕಷ್ಟ.

ಇಷ್ಟು ಓದಿದ ಮೇಲೂ ಯಾವುದು ನಿಮಗೆ ಸರಿ ಎಂದು ತಿಳಿಯದಿದ್ದರೆ ಒಂದು ದಿನದ ಪರೀಕ್ಷೆ ಮಾಡಿ. ಮಳೆ ಬಿಟ್ಟ ಮೇಲೆ ಬೆಳಿಗ್ಗೆ ವಿಟ್ಲದಿಂದ ಹೊರಟು ಉಪ್ಪಿನಂಗಡಿ, ಗುಂಡ್ಯ, ಶಿರಾಡಿ ಹತ್ತಿ ಸಕಲೇಶಪುರ. ಅಲ್ಲಿಂದ ಮೂಡಿಗೆರೆ, ಕೊಟ್ಟಿಗೆಹಾರ. ಚಾರ್ಮಾಡಿ ಇಳಿದು ಉಜಿರೆ, ಬೆಳ್ತಂಗಡಿ, ಬಿ.ಸಿ.ರೋಡು, ಕಲ್ಲಡ್ಕದ ಮೇಲೆ ಮನೆ. ಒಟ್ಟು 300 ಕಿ.ಮೀ.ಗಿಂತ ಕೆಳಗೆ, ಎರಡು ಘಾಟಿ, ಎಲ್ಲ ಬಗೆಯ ರಸ್ತೆ. ಪೆಟ್ರೋಲಿಗೆ ಸಾವಿರ ರೂಪಾಯಿ ಸಾಕು. ಒಂದು ಭಾನುವಾರ ಒಬ್ಬರೇ ಹೋಗಿ, ಇನ್ನೊಂದು ಭಾನುವಾರ ಜೊತೆ ಬರಬೇಕೆಂದಿರುವವರನ್ನೇ ಕರೆದುಕೊಂಡು ಹೋಗಿ. ಹೇಳಿದ ಹೊತ್ತಿಗೆ ಬರದವನು, ಘಾಟಿಯಲ್ಲಿ ಬಸ್ಸಿನ ಬಾಲ ಹಿಡಿಯುವವನು, ಪ್ರತಿ ಬಿಲ್ಲಿನಲ್ಲೂ "ಆಮೇಲೆ ಕೊಡ್ತೇನೆ" ಎನ್ನುವವನು ಯಾರು ಎಂಬುದು ಆ ದಿನವೇ ಗೊತ್ತಾಗುತ್ತದೆ. ಒಬ್ಬರೇ ಹೋದ ದಿನ ನಿಮ್ಮ ಸೊಂಟ, ನಿದ್ದೆ, ತಾಳ್ಮೆ ಎಲ್ಲಿಯವರೆಗೆ ಎಂಬುದೂ ಗೊತ್ತಾಗುತ್ತದೆ. ಎರಡು ದಿನವೂ ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿ, ಆದರೆ ಗಂಟೆ ನಾಲ್ಕು ದಾಟಿದ್ದರೆ ಬೇಗ ತಿಂದು ಎದ್ದುಬಿಡಿ. ಚಾರ್ಮಾಡಿಯಲ್ಲಿ ಮಂಜು ಇಳಿದರೆ ಎದುರಿನ ತಿರುವು ಕಾಣುವುದಿಲ್ಲ.